ಅತ್ತೆ ಹೇಳಿದ ರಾಗಿ ಹೊಲ

ನನ್ನ ಗಂಡ ವಸಂತ್ ನನ್ನನ್ನು ನೋಡಲು ಹಲಸೂರಿಗೆ ಬಂದಾಗ ಒಂದು ಲೋಟ ಕಾಫಿ ಮುಗಿಸುವುದರೊಳಗೆ ಒಪ್ಪಿಕೊಂಡಿದ್ದರು. ಅದೇ ಮನುಷ್ಯ ಮನೆ ನೋಡಲು ಹೊರಟರೆ ಮಾತ್ರ ವರ್ಷಗಟ್ಟಲೆ ತಲೆ ಅಡ್ಡಡ್ಡ ಅಲ್ಲಾಡಿಸುತ್ತಾರೆ. ಇಷ್ಟು ಯೋಚನೆ ಅವತ್ತೇ ಮಾಡಿದ್ದರೆ ನನ್ನ ಕಥೆ ಏನಾಗುತ್ತಿತ್ತೋ ಎಂದು ನಾನು ಅಣಕಿಸುವುದುಂಟು. ಅವರು ನಗುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವರಿಗೆ ಕೆಲಸ. ವಾರವೆಲ್ಲ ಬೇರಿಂಗುಗಳಲ್ಲಿ ತಪ್ಪು ಹುಡುಕಿ ಸಂಬಳ ತರುತ್ತಾರೆ, ಭಾನುವಾರ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ.

ಮನೆ ನೋಡಲು ಹೋದರೆ ಅವರು ಒಳಗೆ ಕಾಲಿಡುವುದು ಕೊನೆಗೆ. ಮೊದಲು ಬೀದಿಯಲ್ಲಿ ನಿಂತು ರಸ್ತೆ ಎತ್ತರವೋ ಹೊಸಿಲು ಎತ್ತರವೋ ನೋಡಬೇಕು. ಮೋರಿಯ ಚಪ್ಪಡಿ ಸಂದಿಯಲ್ಲಿ ಟಾರ್ಚು ಬಿಟ್ಟು ಒಳಗೆ ಹೂಳು ಎಷ್ಟಿದೆ ನೋಡಬೇಕು. ಬೀದಿ ಮೂಲೆಯ ಇಸ್ತ್ರಿಯವನ ಹತ್ತಿರ ಹೋಗಿ, ಮಳೆ ಬಂದರೆ ಗಾಡಿ ಎಲ್ಲಿಗೆ ತಳ್ಳುತ್ತೀರಿ ಎಂದು ವಿಚಾರಿಸಬೇಕು. ಆಮೇಲೆ ಕಾಗದಪತ್ರ. ಖಾತೆ ಯಾರ ಹೆಸರಿನಲ್ಲಿದೆ, ಮನೆಯ ಮೇಲೆ ಸಾಲ ಇದೆಯೇ, ಮಂಜೂರಾದ ನಕ್ಷೆಯಲ್ಲಿ ಬಿಡಬೇಕೆಂದಿದ್ದ ಜಾಗವನ್ನು ಕಟ್ಟುವಾಗ ಬಿಟ್ಟಿದ್ದಾರೆಯೇ, ರಸ್ತೆ ಅಗಲ ಮಾಡುವ ಗೆರೆ ಎಲ್ಲಿ ಹಾದುಹೋಗುತ್ತದೆ, ರಾಜಕಾಲುವೆ ಎಷ್ಟು ದೂರ. ಇಂದಿರಾನಗರದಲ್ಲಿ ಸಿಕ್ಕ ಹಳೆಯ ಮನೆ ಚೆನ್ನಾಗಿತ್ತು, ಪಕ್ಕದ ಬಂಗಲೆ ಪಬ್ಬಾಗುತ್ತಿದೆ ಎಂದು ಬಿಟ್ಟರು. ದೊಮ್ಮಲೂರಿನದು ರಸ್ತೆಯ ಗೆರೆಗೆ ಸಿಕ್ಕಿತು. ಕೆ.ಆರ್.ಪುರದ ಇನ್ನೊಂದು ಮನೆಯ ತಾರಸಿ ಮೇಲೆ ನಿಂತರೆ ಹೈಟೆನ್ಷನ್ ತಂತಿ ಕೈಗೆ ಸಿಗುವಂತಿತ್ತು. ಅವರು ಬಿಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ ಎನ್ನುವುದೇ ನನ್ನ ಸಿಟ್ಟು. ತಪ್ಪಿದ್ದರೆ ಕೂತು ಜಗಳವಾದರೂ ಆಡಬಹುದಿತ್ತು.

ಇಷ್ಟೆಲ್ಲ ದಾಟಿದ ಮನೆಗೂ ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ಅದು ನನ್ನ ಅತ್ತೆ ಆಂಜನಮ್ಮನವರದು. ಅತ್ತೆಯ ತವರು ಕೆ.ಆರ್.ಪುರದ ಆಚೆಯ ಹಳ್ಳಿ, ಸೇರಿದ ಮನೆ ದೊಮ್ಮಲೂರು. ಆಗ ಎರಡು ಕಡೆಯೂ ಬೇಸಾಯ. ಇವತ್ತು ನೀವು ನಮ್ಮ ಹೊಲಕ್ಕೆ ಬನ್ನಿ, ನಾಳೆ ನಾವು ನಿಮ್ಮದಕ್ಕೆ ಬರುತ್ತೇವೆ ಎಂದು ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುವ ಕಾಲ. ಹಾಗೆ ನಾಟಿಗೂ ಕೊಯ್ಲಿಗೂ ಸುತ್ತಿ ಸುತ್ತಿ ಈ ಕಡೆಯ ನೆಲವೆಲ್ಲ ಅವರ ಅಂಗಾಲಿಗೆ ಗೊತ್ತು. ಹತ್ತಿರದ ಗುಡಿಯೋ ಬಾವಿಯೋ ಯಾವುದೆಂದು ಹೇಳಿದರೆ ಸಾಕು, ಆ ಜಾಗದಲ್ಲಿ ಮೊದಲು ಏನಿತ್ತೆಂದು ಕೂತಲ್ಲೇ ಹೇಳುತ್ತಿದ್ದರು. "ಅದು ಕೆರೆ ಅಂಗಳ ಕಣೋ, ಬೇಡ" ಎಂದರೆ ಮುಗಿಯಿತು. ವಸಂತ್ ಕಾಗದಕ್ಕಿಂತ ಹೆಚ್ಚು ನಂಬುತ್ತಿದ್ದದ್ದು ಅಮ್ಮನ ಮಾತನ್ನು.

ಈ ಹುಡುಕಾಟವೆಲ್ಲ ಅತ್ತೆಗಾಗಿಯೇ. ಮಾವ ಮುನಿಆಂಜನಪ್ಪನವರು ತೀರಿಕೊಂಡ ಮೇಲೆ ದೊಮ್ಮಲೂರಿನ ಮನೆ ಪಾಲಾಗಿ ಮಾರಾಟವಾಯಿತು. ಬೇರೆ ಮನೆ ಕೊಳ್ಳುವವರೆಗೆ ಇರಲಿ ಎಂದು ಬೈಯಪ್ಪನಹಳ್ಳಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ಹಿಡಿದೆವು. ಲಿಫ್ಟ್ ಇಲ್ಲ. ಕೆಲವೇ ತಿಂಗಳು ಎಂದುಕೊಂಡದ್ದು ವರ್ಷಗಳಾದವು, ಅಷ್ಟರಲ್ಲಿ ಅತ್ತೆಯ ಎರಡೂ ಮೊಣಕಾಲು ಕೈಕೊಟ್ಟವು. ಸಮನೆಲದಲ್ಲಿ ಗೋಡೆಯೋ ಕೋಲೋ ಹಿಡಿದು ನಿಧಾನಕ್ಕೆ ನಡೆಯುತ್ತಾರೆ, ಮಹಡಿ ಮೆಟ್ಟಿಲು ಮಾತ್ರ ಆಗದು. ಆಸ್ಪತ್ರೆಗೆ ಹೋಗುವುದಿದ್ದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಬೇಕು. ಬೀದಿ, ಅಂಗಡಿ, ಗುಡಿ ಎಲ್ಲ ನಿಂತುಹೋಯಿತು. ಹೊಲದಲ್ಲಿ ಆಯಸ್ಸು ಕಳೆದ ಹೆಂಗಸು ಬಾಲ್ಕನಿಯಲ್ಲಿ ಕೂತು, ಡಿಪೋದೊಳಗೆ ಹೋಗುವ ಮೆಟ್ರೊ ನೋಡುತ್ತಾ, ದೊಡ್ಡಪತ್ರೆ ಕುಂಡದ ಮಣ್ಣಿಗೆ ಬೆರಳು ಹಾಕಿಕೊಂಡಿರುತ್ತಿದ್ದರು. ಅವರ ಕಾಲ ಕೆಳಗೆ ಮತ್ತೆ ನೆಲ ಬರಬೇಕು, ಬೇಗ ಬರಬೇಕು ಎನ್ನುವುದೊಂದೇ ನಮ್ಮಿಬ್ಬರ ಆಸೆ.

ಪಾಲಿನ ಪಂಚಾಯ್ತಿಯ ದಿನ ವಸಂತ್ ದಾಯಾದಿಗಳೆಲ್ಲರ ಎದುರಿಗೆ ಒಂದು ಮಾತು ಆಡಿದ್ದರು. "ಈ ಸಲ ಬಾಡಿಗೆ ಮನೆಗೆ ಹೋಗ್ತಿದೀವಿ, ಇನ್ನೊಂದು ಸಲ ನಮ್ಮಮ್ಮನ ಪಾತ್ರೆ ಪಗಡ ಹೊತ್ತರೆ ಸ್ವಂತ ಮನೆಗೇ ಹೊರೋದು." ನಮ್ಮ ಕಡೆ ಇಂಥ ಮಾತಿಗೆ ತೂಕ ಜಾಸ್ತಿ. ಒಂದು ಕಾಲಕ್ಕೆ ಜಮೀನಿದ್ದ ಮನೆತನಗಳಿಗೆ ಬಾಡಿಗೆಗೆ ಇರುವುದೇ ಮುಜುಗರ, ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವುದಂತೂ ತಲೆ ತಗ್ಗಿಸುವ ವಿಷಯ. ಟೆಂಪೋ ಬಾಗಿಲಿಗೆ ಬರುವ ಮೊದಲೇ ಚಿಕ್ಕಪ್ಪ ದೊಡ್ಡಪ್ಪಂದಿರ ಫೋನು ಬಂದಿರುತ್ತದೆ. ಹೀಗಾಗಿ ಆ ಮೂರನೇ ಮಹಡಿಯಿಂದ ಇಳಿಯುವುದಾದರೆ ಸ್ವಂತ ಮನೆಗೇ ಎನ್ನುವುದು ತೀರ್ಮಾನವಾಗಿಹೋಗಿತ್ತು. ಆಮೇಲೆ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಕಳೆದ ಧನುರ್ಮಾಸದಲ್ಲಿ ಬ್ರೋಕರ್ ಮುರಳಿ ಒಂದು ಮನೆ ತೋರಿಸಿದ. ಕೆ.ಆರ್.ಪುರಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಒಳಗೆ, ಒಂದೇ ಅಂತಸ್ತಿನ ಮನೆ. ಮುಂಬಾಗಿಲಿಗೆ ಒಂದೇ ತಗ್ಗು ಮೆಟ್ಟಿಲು. ಹಿಂದೆ ನುಗ್ಗೆ ಮರ, ಬಟ್ಟೆ ಒಣಗಿಸುವಷ್ಟು ಮಣ್ಣಿನ ಅಂಗಳ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ. ಬೀದಿಯ ತುದಿಯಲ್ಲಿ ಬೇವಿನ ಮರದ ಕೆಳಗೆ ಅರಿಶಿನ ಬಳಿದ ಗಂಗಮ್ಮನ ಕಲ್ಲುಗಳು.

"ಪಕ್ಕದಲ್ಲೇ ದೇವಸ್ಥಾನ ಮೇಡಂ, ಪಾಸಿಟಿವ್ ಏರಿಯಾ" ಎಂದ ಮುರಳಿ.

ನಾನು ಹಲಸೂರಿನ ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಹೊಲ ಗದ್ದೆ ಕಂಡವಳಲ್ಲ. ದೇವರಿದ್ದರೆ ಒಳ್ಳೆಯದೇ ಎಂದು ಕೈಮುಗಿದೆ. ಆ ಅಡುಗೆಮನೆ ಕಿಟಕಿಗೆ ಮನಸ್ಸಿನಲ್ಲಿ ಆಗಲೇ ಪರದೆ ಹೊಲಿಸಿ ಆಗಿತ್ತು.

ವಸಂತ್ ತಮ್ಮ ತಪಾಸಣೆ ಶುರು ಮಾಡಿದರು. ಖಾತೆ ಸರಿಯಾಗಿತ್ತು. ಕಟ್ಟಡ ನಕ್ಷೆಯಂತೆಯೇ ಇತ್ತು, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದರು. ರಸ್ತೆ ಅಗಲವಾಗುವ ಯೋಜನೆ ಇರಲಿಲ್ಲ. ಹಳೆಯ ಗ್ರಾಮನಕ್ಷೆಯನ್ನೂ ತರಿಸಿ, ಊಟದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕೂತರು. ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಕಾಲುವೆಯ ಗೆರೆ ಎದುರು ಸಾಲಿನ ಮನೆಗಳ ಹಿಂದೆ ಇತ್ತು, ನಿಯಮ ಕೇಳುವ ಅಂತರಕ್ಕಿಂತ ಆಚೆ. ಕಾಯಿದೆಯ ಪ್ರಕಾರ ಎಲ್ಲ ಸರಿ. ಆದರೆ ಗೋಡೆಗೆ ಹೊಸ ಬಣ್ಣ ಬಳಿದಿದ್ದರಿಂದ ಹಳೆಯ ಕಲೆ ಇದ್ದರೂ ಕಾಣುವಂತಿರಲಿಲ್ಲ. ಎದುರುಮನೆಯವರು ಮೊನ್ನೆಮೊನ್ನೆ ಬಾಡಿಗೆಗೆ ಬಂದವರು. ಇಸ್ತ್ರಿ ಗಾಡಿಯೂ ಆ ಬೀದಿಯಲ್ಲಿರಲಿಲ್ಲ.

"ಒಂದು ಮಳೆ ನೋಡ್ಬೇಕಿತ್ತು" ಎಂದರು.

"ಈ ಚಳೀಲಿ ಮಳೆ ಎಲ್ಲಿಂದ ತರ್ಲಿ ಸಾರ್?" ಎಂದ ಮುರಳಿ. "ಮೇ ತಿಂಗಳ ತನಕ ಓನರ್ ಕಾಯಲ್ಲ. ಇನ್ನೊಂದು ಪಾರ್ಟಿ ರೆಡಿ ಇದೆ."

ವಸಂತ್ ಗಲ್ಲ ಕೆರೆದುಕೊಂಡರು. ಮತ್ತೊಂದು ಮನೆ ಕೈತಪ್ಪುವ ಲಕ್ಷಣ ಕಂಡು ನಾನು ಬಾಯಿ ಹಾಕಿದೆ. "ರೀ, ಅತ್ತೆಯನ್ನೇ ಕರ್ಕೊಂಡು ಬರೋಣ. ಅವರು ನೋಡಿ ಹೇಳಲಿ."

ಆ ಭಾನುವಾರ ಬೆಳಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಒಂದು ಕಡೆ ವಸಂತ್, ಇನ್ನೊಂದು ಕಡೆ ಮುರಳಿ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಮುರಳಿಗೆ ಏದುಸಿರು.

"ಅಮ್ಮ, ಇದಕ್ಕೂ ಸೇರ್ಸಿ ಕಮಿಷನ್ ಕೊಡ್ಸಬೇಕು ನೀವು" ಎಂದ.

"ಮೊದ್ಲು ಜೋಪಾನವಾಗಿ ಇಳ್ಸಪ್ಪ" ಎಂದರು ಅತ್ತೆ. "ನಾನು ಬಿದ್ದೋದ್ರೆ ನಿಂಗೆ ವ್ಯಾಪಾರಾನೇ ಇಲ್ಲ."

ಆ ಮನೆಯ ಗೇಟಿನ ಹತ್ತಿರ ಆಟೊದಿಂದ ಇಳಿದವರೇ ಅತ್ತೆ ಚಪ್ಪಲಿ ಬಿಟ್ಟರು. ಕೋಲು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ಹಿಂದಿನ ಅಂಗಳಕ್ಕೆ ಹೋದರು. ಅಲ್ಲಿ ಮಣ್ಣಿನ ಮೇಲೆ ಸುಮ್ಮನೆ ನಿಂತರು. ಕಾಲಿನ ಬೆರಳುಗಳನ್ನು ಮಡಿಸಿದರು, ಬಿಡಿಸಿದರು. ಬಗ್ಗಲು ಆಗದೆಂದು ನನ್ನಿಂದ ಒಂದು ಹಿಡಿ ಮಣ್ಣು ತೆಗೆಸಿಕೊಂಡು ಅಂಗೈಯಲ್ಲಿ ಉಜ್ಜಿ ನೋಡಿದರು. ಅವರ ಮುಖದಲ್ಲಿ ಅಂಥ ಗೆಲುವು ನೋಡಿ ನನಗೆ ಎಷ್ಟು ಕಾಲವಾಗಿತ್ತೋ. ಆಮೇಲೆ ಬೀದಿಯ ತುದಿಗೆ ನಡೆದು ಗಂಗಮ್ಮನ ಕಲ್ಲುಗಳ ಮುಂದೆ ಕೈಮುಗಿದು ಬಹಳ ಹೊತ್ತು ನಿಂತರು.

"ಅಮ್ಮ, ಇಲ್ಲಿ ಮೊದಲು ಏನಿತ್ತು?" ವಸಂತ್ ಕೇಳಿದರು.

ಅತ್ತೆ ಗಂಗಮ್ಮನ ಕಡೆಗೊಮ್ಮೆ, ಮನೆಯ ಕಡೆಗೊಮ್ಮೆ ನೋಡಿದರು.

"ರಾಗಿ ಹೊಲ" ಎಂದರು. "ಗಟ್ಟಿ ನೆಲ."

"ನೀರು ಗೀರು?"

"ರಾಗಿ ಹೊಲ ಅಂದ್ನಲ್ಲಪ್ಪ."

ವಸಂತ್ ಮುಖ ಸಡಿಲವಾಯಿತು. ಮುರಳಿಯ ಕಡೆ ತಿರುಗಿ, ಈ ವಾರ ದುಡ್ಡು ಹೊಂದಿಸಿಕೊಂಡು ಮುಂದಿನ ವಾರದ ಸೋಮವಾರ ಟೋಕನ್ ಮುಂಗಡ ಕೊಡುತ್ತೇನೆ, ಓನರಿಗೆ ಹೇಳಿಬಿಡು ಎಂದರು. ನನಗೆ ಸಂತೋಷಕ್ಕೆ ಕಣ್ಣು ತುಂಬಿಬಂತು. ದಾರಿಯುದ್ದಕ್ಕೂ ನಾನು ಮಾತಾಡಿದ್ದೇ ಮಾತಾಡಿದ್ದು. ಅತ್ತೆ ಮಾತ್ರ ಆಟೊದ ಹಿಂದಿನ ಗಾಜಿನಲ್ಲಿ ಆ ಮನೆ ಇನ್ನೂ ಕಾಣುತ್ತದೆಯೇ ಎಂದು ತಿರುಗಿ ತಿರುಗಿ ನೋಡುತ್ತಿದ್ದರು.

ಆ ವಾರವೆಲ್ಲ ಹೊಸ ಮನೆಯದೇ ಮಾತು. ಎಂದೂ ಏನೂ ಬೇಕೆಂದು ಕೇಳದ ಅತ್ತೆ ಆಗ ಒಂದೊಂದಾಗಿ ಕೇಳತೊಡಗಿದರು. "ಅಲ್ಲಿಗೆ ಹೋದ್ಮೇಲೆ ನನ್ನ ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ ಕೊಡ್ಸು ಸುಕನ್ಯ." ಮೊಣಕಾಲು ನೋವಿಗೆ ಏಳಲು ಸುಲಭವಾಗಲಿ ಎಂದಿರಬೇಕು ಎಂದುಕೊಂಡೆ. "ಅಕ್ಕಿ ಡಬ್ಬ ಕೆಳಗಿಡೋದು ಬೇಡ, ಅಟ್ಟ ದೊಡ್ಡದು ಮಾಡ್ಸು." ಇಲಿಗಳ ಭಯ ಎಂದುಕೊಂಡೆ. "ಕರೆಂಟು ಪ್ಲಗ್ಗೆಲ್ಲ ಎದೆಮಟ್ಟಕ್ಕೆ ಹಾಕ್ಸು." ಅದಕ್ಕೆ ಮಾತ್ರ ಕಾರಣ ಹೊಳೆಯಲಿಲ್ಲ. "ಬೀರುವಿನ ಕೆಳಗಡೆ ಅರೇಲಿ ರೇಷ್ಮೆ ಸೀರೆ ಇಡ್ಬೇಡ." ವಯಸ್ಸಾದವರಿಗೆ ಒಂದೊಂದು ಯೋಚನೆ ಎಂದು ಹೂಂಗುಟ್ಟಿದೆ.

ಮುಂದಿನ ಭಾನುವಾರ ಮಧ್ಯಾಹ್ನ ನಾನೂ ಅತ್ತೆಯೂ ನಡುಮನೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆವು. ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಮರುದಿನ ಟೋಕನ್ ಕೊಡುವ ಖುಷಿಗೆ ಹಿತಕಿದ ಬೇಳೆ ಸಾರು. ವಸಂತ್ ಕೊತ್ತಂಬರಿ ಸೊಪ್ಪು ತರಲು ಹೋಗಿದ್ದರು.

"ಸುಕನ್ಯ, ಅಲ್ಲಿ ಗ್ಯಾಸ್ ಸಿಲಿಂಡರ್‌ಗೂ ಒಂದು ಕಟ್ಟೆ ಕಟ್ಸು. ಒಂದಿಷ್ಟು ಎತ್ತರಕ್ಕೇ ಇರ್ಲಿ" ಎಂದರು ಅತ್ತೆ.

ನನ್ನ ಕೈ ನಿಂತಿತು. ಮಂಚ, ಅಕ್ಕಿ, ಪ್ಲಗ್ಗು, ಸೀರೆ, ಈಗ ಸಿಲಿಂಡರ್. ಒಂದನ್ನೂ ಬಿಡದೆ ಎಲ್ಲವನ್ನೂ ನೆಲದಿಂದ ಮೇಲಕ್ಕೆ ಎತ್ತಿಸುತ್ತಿದ್ದಾರೆ. ಹೊಲ ಕಾಣದ ನನಗೂ ಅಷ್ಟು ಅರ್ಥವಾಯಿತು.

"ಅತ್ತೆ, ಆ ಮನೆಗೆ ನೀರು ನುಗ್ಗುತ್ತಾ?"

ಅತ್ತೆ ಇನ್ನೊಂದು ಕಾಳು ಹಿಸುಕಿದರು. "ನುಗ್ಗಲ್ಲ. ಬರುತ್ತೆ, ಹೋಗುತ್ತೆ."

"ಎಷ್ಟು ಬರುತ್ತೆ?"

"ಮೊಣಕಾಲು ಮಟ್ಟ. ಮಳೆ ಜೋರಾದ್ರೆ ಇನ್ನೊಂದು ಸ್ವಲ್ಪ."

"ಮತ್ತೆ ರಾಗಿ ಹೊಲ ಅಂದ್ರಲ್ಲ?"

"ಅಂದೆ" ಎಂದರು ತಲೆ ಎತ್ತದೆ. "ಗಂಗಮ್ಮನ್ನ ಒಣನೆಲದಲ್ಲಿ ಯಾರಾದ್ರೂ ಇಡ್ತಾರೇನೇ? ಅದು ಕೆರೆಯ ತೂಬಿನ ಬಾಯಿ ಕಣಮ್ಮ. ತೂಬು ಎತ್ತಿದ್ರೆ ಮೊದ್ಲು ನೀರು ಹೋಗ್ತಿದ್ದಿದ್ದೇ ಆ ಗದ್ದೆಗೆ. ನಾಟಿ ಶುರು ಮಾಡೋ ದಿನ ಆ ಕಲ್ಲಿಗೆ ತಂಬಿಟ್ಟು ಇಟ್ಟು, ಹಸಿರು ಬಳೆ ಇಟ್ಟು, ಆಮೇಲೆ ಕೆಸರಿಗೆ ಇಳೀತಿದ್ವಿ. ನಾನೇ ಇಳಿದಿದೀನಿ. ಇಲ್ಲೀತನಕ ಕೆಸರು."

ತೊಡೆಯನ್ನು ಮುಟ್ಟಿ ತೋರಿಸಿದರು.

"ಈಗ ಆ ಕೆರೆ ಇಲ್ವಲ್ಲ ಅತ್ತೆ."

"ಕೆರೆ ಮುಚ್ಚಿದ್ರು. ಇಳಿಜಾರು ಮುಚ್ಚೋಕಾಗುತ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಜೀವಮಾನದ ಉಳಿತಾಯ ಹಾಕಿ ಕೊಳ್ಳುವ ಮನೆ. ಇವರ ಒಂದು ಮಾತಿನ ಮೇಲೆ ನಿಂತದ್ದು. ಇವರೇ ಬೇಡ ಎಂದಿದ್ದರಿಂದ ಎಷ್ಟು ಮನೆ ಬಿಟ್ಟೆವು. ಈಗ ಗೊತ್ತಿದ್ದೂ ಗೊತ್ತಿದ್ದೂ ನೀರಿಗೆ ದೂಡುತ್ತಿದ್ದಾರೆ. ಹೀಗೆಂದು ಬಾಯಿಬಿಟ್ಟೇ ಕೇಳಿದೆ. "ಯಾಕೆ ಹೀಗೆ ಮಾಡಿದ್ರಿ ಅತ್ತೆ? ನಾವು ನಿಮಗೇನು ಮಾಡಿದೀವಿ?"

ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟರು.

"ವರ್ಷಕ್ಕೆ ಒಂದು ದಿನ ನೀರು ಬರುತ್ತೆ ಕಣಮ್ಮ" ಎಂದರು. "ಮಿಕ್ಕಿದ ದಿನವೆಲ್ಲ ನೆಲ ಇರುತ್ತಲ್ಲ."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಬಾಗಿಲ ಕಡೆ ಸದ್ದಾಗಿ ತಿರುಗಿದರೆ ವಸಂತ್ ಕೊತ್ತಂಬರಿ ಕಟ್ಟು ಹಿಡಿದು ಅಲ್ಲೇ ನಿಂತಿದ್ದರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದರು.

"ನಿನ್ನ ಮಾತು ನಂಬ್ಕೊಂಡು ನಾಳೆ ಟೋಕನ್ ಕೊಡೋಕೆ ಹೊರಟಿದ್ನಲ್ಲಮ್ಮ" ಎಂದರು. ದನಿ ಏರಿರಲಿಲ್ಲ.

"ಗೊತ್ತು. ಅದಕ್ಕೇ ಸುಳ್ಳು ಹೇಳ್ದೆ. ಬೇರೆ ಯಾರು ಹೇಳಿದ್ರೂ ನೀನು ಒಪ್ತಿರ್ಲಿಲ್ಲ."

"ಮಲಗಿದ್ದಾಗ ನೀರು ಬಂದ್ರೆ ನೀನು ಎದ್ದು ಓಡ್ತೀಯಾ? ನಿನ್ನ ಕೈಲಾಗುತ್ತಾ?"

"ಮಂಚಕ್ಕೆ ಇಟ್ಟಿಗೆ ಹೇಳಿದೀನಲ್ಲ" ಎಂದರು ಅತ್ತೆ.

ವಸಂತ್ ಚಪ್ಪಲಿ ಬಿಟ್ಟು ಬಂದು ನಮ್ಮ ಎದುರಿಗೆ ನೆಲದ ಮೇಲೆ ಕೂತರು. ಕೊತ್ತಂಬರಿ ಕಟ್ಟು ಇನ್ನೂ ಕೈಯಲ್ಲೇ ಇತ್ತು. ಅಮ್ಮನ ಮುಖ ನೋಡಲಾರದೆ ಅವರೆಕಾಳಿನ ಪಾತ್ರೆ ನೋಡುತ್ತಿದ್ದರು.

"ಇಲ್ಲಿ ಇಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀನು ರಜಾ ಹಾಕ್ಕೊಂಡು ಮನೆ ಹುಡುಕ್ತಿದ್ದೆ. ಭಾನುವಾರ ಅಲೆಯೋದು ಸಾಲ್ದು ಅಂತ."

ಅತ್ತೆ ಸೆರಗಿನಿಂದ ಬೆರಳು ಒರೆಸಿಕೊಂಡರು. ಒಂದೊಂದೇ ಬೆರಳು, ನಿಧಾನಕ್ಕೆ. ಆಮೇಲೆ ಮಗನ ಕಡೆ ನೋಡದೆ ಕೇಳಿದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಊರಲ್ಲಿ ಕೆಳಗಡೆ ಮನೆ ಬಾಡಿಗೆಗೆ ಸಿಗಲ್ವೇನಪ್ಪ?"

ನಾನು ವಸಂತ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಬೈಯಪ್ಪನಹಳ್ಳಿಯಲ್ಲಿ ಎರಡು ಗೇಟಿಗೊಂದು ಬಾಡಿಗೆಗಿದೆ ಎಂಬ ಬೋರ್ಡು. ದಿನಾ ಅವುಗಳ ಪಕ್ಕದಲ್ಲೇ ನಡೆದು ತರಕಾರಿ ತರುತ್ತೇವೆ. ನಮ್ಮ ಕಟ್ಟಡದ ಕೆಳಗಿನ ಮನೆಗೇ ಎರಡು ಸಲ ಬಾಡಿಗೆದಾರರು ಬಂದು ಖಾಲಿ ಮಾಡಿ ಹೋದರು. ನೂರೆಂಟು ಮನೆಗಳನ್ನು ಅಳೆದು ತೂಗಿ ಬಂದ ನಾವು, ಪಂಚಾಯ್ತಿಯಲ್ಲಿ ಸಿಟ್ಟಿಗೆ ಆಡಿದ ಒಂದು ಮಾತನ್ನು ಒಮ್ಮೆಯೂ ಕೂತು ತೂಗಿರಲಿಲ್ಲ. ಆ ಮಾತಿಗೋಸ್ಕರ ಅತ್ತೆಯನ್ನು ಮೇಲೆ ಕೂರಿಸಿ, ಅತ್ತೆಗೋಸ್ಕರ ಅಲೆಯುತ್ತಿದ್ದೇವೆ ಎಂದು ಹೇಳಿಕೊಂಡು ತಿರುಗಿದ್ದೆವು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎದ್ದು ಅಡುಗೆಮನೆಗೆ ಹೋಗಿಬಿಡೋಣ ಎನಿಸಿತು.

"ಸಿಗುತ್ತೆ" ಎಂದರು ವಸಂತ್ ಕೊನೆಗೆ.

"ಮೊದಲೇ ಯಾಕೆ ಕೇಳ್ಲಿಲ್ಲ ಅತ್ತೆ?" ಎಂದೆ ನಾನು.

"ಅಷ್ಟು ಜನ ದಾಯಾದಿಗಳ ಮುಂದೆ ಮಾತಾಡಿದ್ದ. ನಾನೇ ಅದನ್ನ ಮುರಿಸೋದಾ? ಅವನ ಮಾತೂ ಉಳೀಲಿ, ನನ್ನ ಕಾಲೂ ನೆಲ ಮುಟ್ಲಿ ಅಂತ ಆ ಮನೆ ಹಿಡ್ಕೊಂಡೆ." ಅತ್ತೆ ಮತ್ತೆ ಪಾತ್ರೆ ಎಳೆದುಕೊಂಡರು. "ಬಾ, ಕಾಳು ಇನ್ನೂ ಅರ್ಧ ಇದೆ."

ವಸಂತ್ ಅಲ್ಲೇ ಕೂತು ನಮ್ಮ ಜೊತೆ ಕಾಳು ಹಿಸುಕಿದರು. ಅವರು ಹಿಸುಕಿದ್ದರಲ್ಲಿ ಅರ್ಧ ಬೇಳೆ ಸೋಫಾ ಕೆಳಗೆ ಹೋಗಿತ್ತು.

ಸಂಜೆ ಮುರಳಿಗೆ ಫೋನು ಮಾಡಿ ಆ ಮನೆ ಬೇಡ, ಅಲ್ಲಿ ನೀರು ಬರುತ್ತದಂತೆ ಎಂದರು. ಮುರಳಿ "ಬರೋದು ಹೌದು ಸಾರ್, ಆದ್ರೆ ಬೇಗ ಹೊರಟೋಗುತ್ತೆ" ಎಂದನಂತೆ. ಇನ್ನೊಂದು ದಿನವಾಗಿದ್ದರೆ ವಸಂತ್ ಅವನ ಜನ್ಮ ಜಾಲಾಡುತ್ತಿದ್ದರು. ಅವತ್ತು, ಬಾಡಿಗೆಗೆ ಕೆಳಗಡೆ ಮನೆ ಇದ್ದರೆ ಹೇಳು ಎಂದಷ್ಟೇ ಅಂದು ಫೋನು ಇಟ್ಟರು.

ಮನೆ ಆ ವಾರವೇ ಸಿಕ್ಕಿತು, ನಮ್ಮ ಬೀದಿಯಿಂದ ಬಹಳ ದೂರವೇನಲ್ಲ. ಹಳೆಯ ಊರಿನ ಕಡೆ, ದಿಬ್ಬದ ಮೇಲೆ. ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುತ್ತದೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಡಿಗೆ ಮನೆಯಾದರೂ ವಸಂತ್ ಬೀದಿಯಲ್ಲಿ ನಿಂತು ಹೊಸಿಲು ರಸ್ತೆಗಿಂತ ಎತ್ತರವಿದೆಯೇ ಎಂದು ನೋಡಿದರು, ಮೋರಿಗೆ ಟಾರ್ಚು ಬಿಟ್ಟರು. ಆಮೇಲೆ ಮನೆಗೆ ಬಂದು ಅಮ್ಮನನ್ನು ಕೇಳಿದರು. "ಹಳೇ ಊರಿನ ದಿಬ್ಬಾನಾ? ಅಲ್ಲಿ ರಾಗಿ ಒಕ್ಕೋ ಕಣ ಇತ್ತು. ನೀರು ನಿಲ್ಲಲ್ಲ" ಎಂದರು ಅತ್ತೆ. ಮಗ ತಮ್ಮನ್ನೇ ನೋಡುತ್ತಿರುವುದನ್ನು ಕಂಡು, "ಈ ಸಲ ನಿಜ" ಎಂದು ಸೇರಿಸಿದರು.

ಟೆಂಪೋ ಬಂದ ದಿನ ನಿರೀಕ್ಷೆಯಂತೆ ದೊಮ್ಮಲೂರಿನಿಂದ ಚಿಕ್ಕಪ್ಪ ಆದಿನಾರಾಯಣ ಅವರ ಫೋನು ಬಂತು. ಅವರ ದನಿ ಯಾವಾಗಲೂ ನಾಲ್ಕು ಜನಕ್ಕೆ ಕೇಳಿಸುವಂತಿರುತ್ತದೆ.

"ಏನೋ ವಸಂತ, ಸಾಮಾನು ಸಾಗಿಸ್ತಿದೀಯಂತೆ. ಗೃಹಪ್ರವೇಶಕ್ಕೆ ಕರೀಲೇ ಇಲ್ಲ?"

"ಬಾಡಿಗೆ ಮನೆ ಚಿಕ್ಕಪ್ಪ" ಎಂದರು ವಸಂತ್. ಕಿವಿ ಕೆಂಪಾಗಿತ್ತು, ಮಾತು ಮಾತ್ರ ತಡವರಿಸಲಿಲ್ಲ. "ಕೆಳಗಡೆ ಮನೆ. ಅಮ್ಮನಿಗೆ ಬೇಕಿತ್ತು."

ಆ ಕಡೆಯ ದನಿ ತಗ್ಗಿತು, ಏನು ಹೇಳಿದರೋ ಕೇಳಿಸಲಿಲ್ಲ. ಇವರು "ಹೂಂ, ಬನ್ನಿ ಒಂದಿನ" ಎಂದು ಫೋನು ಜೇಬಿಗೆ ಹಾಕಿಕೊಂಡು ಮಂಚದ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದರು.

ಮರುದಿನ ಬೆಳಗ್ಗೆ ಏಳುವಾಗ ಅತ್ತೆಯ ಹಾಸಿಗೆ ಖಾಲಿ. ಬಚ್ಚಲಲ್ಲಿ ಇಲ್ಲ. ಹಿತ್ತಲಲ್ಲಿ ಇಲ್ಲ. ಮುಂಬಾಗಿಲು ತೆರೆದಿತ್ತು. ಇಬ್ಬರೂ ಬೀದಿಗೆ ಓಡಿದೆವು. ಅತ್ತೆ ನಾಲ್ಕೈದು ಮನೆಗಳ ಆಚೆ, ಯಾರದೋ ಗೇಟು ಹಿಡಿದು ನಿಂತು, ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸಿನ ಜೊತೆ ಮಾತಾಡುತ್ತಿದ್ದರು. ಆಕೆಯ ಹೆಸರು ಜಯಮಾಲಾ, ತವರು ಹೊಸಕೋಟೆ, ಆಕೆಯ ಅತ್ತೆಗೆ ಸಕ್ಕರೆ ಕಾಯಿಲೆ, ಇಷ್ಟನ್ನೂ ನಮ್ಮತ್ತೆ ಆಗಲೇ ತಿಳಿದುಕೊಂಡಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪಾದವೆಲ್ಲ ಮಣ್ಣು.

"ಅಮ್ಮ, ಹೇಳ್ದೆ ಕೇಳ್ದೆ ಬಂದ್ಬಿಡೋದಾ?" ವಸಂತ್ ಏದುಸಿರು ಬಿಡುತ್ತಾ ಕೇಳಿದರು. "ಬಾ ಮನೆಗೆ, ಕಾಫಿ ಕುಡಿಯೋಣ."

"ನೀವು ಕುಡೀರಿ" ಎಂದರು ಅತ್ತೆ. ಗೇಟು ಬಿಟ್ಟು ಪಕ್ಕದ ಗೋಡೆಗೆ ಕೈ ಊರಿದರು. "ನಾನಿನ್ನೂ ಆ ಕಡೆ ನೋಡಿಲ್ಲ."

ಹಾಗೆಂದು ಬೀದಿಯ ಆ ತುದಿಯ ಕಡೆ ಹೆಜ್ಜೆ ಹಾಕಿದರು. ವಸಂತ್ ಹಿಂದೆ ಹೋಗಲು ಹೊರಟವರು ಅಮ್ಮ ನಡೆಯುವುದನ್ನೇ ನೋಡುತ್ತಾ ನಿಂತುಬಿಟ್ಟರು. ಅವರ ಕಾರ್ಖಾನೆಯ ಬಸ್ಸಿನ ಹೊತ್ತು ಮೀರುತ್ತಿತ್ತು. ನಾನು ನೆನಪು ಮಾಡಲಿಲ್ಲ.